ಮುಂಬೈ ಮನೆಯಲ್ಲಿ ಹಸುಗೂಸಿನ ಡಬ್ಬಿ ಹಾಲು: ನೀರು, ಅಳತೆ, ಹೊತ್ತು

ಎದೆಹಾಲು ಸಿಗದ ಅಥವಾ ಸಾಲದ ಕೂಸಿಗೆ ಪುಡಿಯಿಂದ ಹಾಲು ಕಲಸಿ ಕೊಡುವುದು ಕೈಗೆ ರೂಢಿಯಾದ ಮೇಲೆ ಕಷ್ಟದ ಕೆಲಸವಲ್ಲ. ಆದರೆ ಮುಂಬೈಯ ಕನ್ನಡ ಮನೆಗಳಲ್ಲಿ ಈ ಕೆಲಸ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ಬಾಣಂತನಕ್ಕೆಂದು ಊರಿನಿಂದ ಬಂದ ಅಜ್ಜಿ, ರಾತ್ರಿ ಎದ್ದು ಬರುವ ಅಪ್ಪ, ಹಗಲು ಮಗುವನ್ನು ನೋಡಿಕೊಳ್ಳುವ ಬಾಯಿ (ಮನೆಗೆಲಸದಾಕೆ), ಅಮ್ಮನ ರಜೆ ಮುಗಿದ ಮೇಲೆ ಪಾಳಣಾಘರದ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ) ಮಾವ್ಶಿ, ಹೀಗೆ ನಾಲ್ಕಾರು ಜನ ತಮಗೆ ತೋಚಿದಂತೆ ಕಲಸಿದರೆ ಮಗುವಿನ ಹೊಟ್ಟೆಗೆ ಬೆಳಿಗ್ಗೆ ತೆಳು ಹಾಲು, ಸಂಜೆ ಗಟ್ಟಿ ಹಾಲು, ರಾತ್ರಿ ಮೂರು ಗಂಟೆ ಹಿಂದೆ ಕಲಸಿಟ್ಟ ಹಾಲು ಹೋಗುತ್ತದೆ. ಆದ್ದರಿಂದ ಕಲಸುವ ಕೈಗಳು ಎಷ್ಟಿದ್ದರೂ ಪದ್ಧತಿ ಒಂದೇ ಇರಬೇಕು. ಆ ಪದ್ಧತಿ ಏನು, ಅದರ ಪ್ರತಿ ಹಂತಕ್ಕೆ ಕಾರಣವೇನು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಡಬ್ಬಿ ಕೊಳ್ಳುವ ಮುನ್ನ

ಮೊದಲ ಆರು ತಿಂಗಳು ಮಗುವಿಗೆ ಎದೆಹಾಲೊಂದೇ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲು ಸಾಲುತ್ತಿಲ್ಲ ಎಂಬ ಅನುಮಾನ ಬಂದ ದಿನವೇ ಡಬ್ಬಿ ತರಿಸುವ ಬದಲು ಮಕ್ಕಳ ವೈದ್ಯರಿಗೆ ಮಗುವಿನ ತೂಕ ತೋರಿಸಿ ಕೇಳಬೇಕು. ಹುಟ್ಟಿದ ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವೋ ಅದಕ್ಕಿಂತ ಹೆಚ್ಚೋ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದು, ತೂಕವೂ ಏರುತ್ತಿದ್ದರೆ ಬಹುಮಟ್ಟಿಗೆ ಹಾಲು ಸಾಲುತ್ತಿದೆ ಎಂದೇ ಅರ್ಥ. ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಬೇರೆ ತಾಯಂದಿರು ದಾನ ಮಾಡಿದ ಹಾಲನ್ನು ಶುದ್ಧೀಕರಿಸಿ ಕೊಡುವ ವ್ಯವಸ್ಥೆಯೂ ಇದೆ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ 1989ರಲ್ಲಿ ಆರಂಭವಾದದ್ದು ನಮ್ಮ ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿಯೇ.

ಇಷ್ಟಾದ ಮೇಲೂ ತಾಯಿಯ ಕಾಯಿಲೆ, ಔಷಧ, ಅವಳಿ ಮಕ್ಕಳು, ದತ್ತು ಪಡೆದ ಮಗು ಎಂದು ಡಬ್ಬಿ ಹಾಲು ಬೇಕಾಗುವ ಸಂದರ್ಭಗಳು ಇದ್ದೇ ಇರುತ್ತವೆ. ಹಾಗೆ ಕೊಡಬೇಕಾಗಿ ಬಂದ ತಾಯಿಯನ್ನು ನಾಮಕರಣಕ್ಕೆ ಬಂದವರು ಹಂಗಿಸುವುದನ್ನು ನೋಡಿದ್ದೇನೆ. ಅದು ತಪ್ಪು. ಅವಳಿಗೆ ಬೇಕಾದದ್ದು ಸರಿಯಾದ ಮಾಹಿತಿ ಮತ್ತು ಬಾಟಲಿ ತೊಳೆದುಕೊಡುವ ಇನ್ನೊಂದು ಜೊತೆ ಕೈ.

ಶಿಶು ಆಹಾರಗಳ ಪ್ರಚಾರವನ್ನು ನಿಯಂತ್ರಿಸುವ 1992ರ ಕಾನೂನು, 2003ರ ತಿದ್ದುಪಡಿಯೊಂದಿಗೆ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲಿನ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರವಿಲ್ಲದಿರುವುದಕ್ಕೆ ಕಾರಣ ಅದೇ. ಹೀಗಾಗಿ ಯಾವ ಡಬ್ಬಿ ಎಂಬುದನ್ನು ವೈದ್ಯರು ಹೇಳಬೇಕು, ಅಂಗಡಿಯವರಲ್ಲ. ಮೆಡಿಕಲ್‌ನಲ್ಲಿ ಕೈಗೆ ತೆಗೆದುಕೊಂಡಾಗ ನೋಡಬೇಕಾದದ್ದು ಮೂರು: ವಯಸ್ಸಿಗೆ ತಕ್ಕ ಸಂಖ್ಯೆ (ಆರು ತಿಂಗಳವರೆಗೆ 1, ಆಮೇಲೆ 2), ಮುಗಿಯುವ ದಿನಾಂಕ, ಒಡೆಯದ ಸೀಲು. ಹೆಸರು, ಬಣ್ಣ ಒಂದೇ ಇದ್ದು ಸಂಖ್ಯೆ ಮಾತ್ರ ಬೇರೆ ಇರುವುದರಿಂದ ಅವಸರದಲ್ಲಿ ತಪ್ಪು ಡಬ್ಬಿ ಮನೆಗೆ ಬರುವುದು ಸುಲಭ.

ಪುಡಿಯಲ್ಲೂ ರೋಗಾಣು ಇರಬಹುದು

ಸೀಲು ಮಾಡಿದ ಡಬ್ಬಿಯೊಳಗಿನ ಪುಡಿ ಔಷಧದಷ್ಟೇ ಶುದ್ಧ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಕಾರ್ಖಾನೆಯಲ್ಲಿ ಪುಡಿಯನ್ನು ಪೂರ್ತಿ ರೋಗಾಣುಮುಕ್ತ ಮಾಡಲು ಆಗುವುದಿಲ್ಲ. ಅಪರೂಪಕ್ಕೆ ಅದರಲ್ಲಿ ಕ್ರೋನೊಬ್ಯಾಕ್ಟರ್ ಅಥವಾ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಉಳಿದುಕೊಂಡಿರಬಹುದು. ಒಣಪುಡಿಯಲ್ಲಿ ಅವು ಬೆಳೆಯುವುದಿಲ್ಲ, ಆದರೆ ಸಾಯದೆ ಕಾಯುತ್ತಿರುತ್ತವೆ. ಉಗುರುಬೆಚ್ಚಗಿನ ನೀರು ಬಿದ್ದೊಡನೆ ಬೆಳೆಯತೊಡಗುತ್ತವೆ. ಎರಡು ತಿಂಗಳೊಳಗಿನ ಕೂಸು, ತಿಂಗಳು ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸು, ರೋಗನಿರೋಧಕ ಶಕ್ತಿ ಕುಂದಿದ ಕೂಸು, ಇವರಲ್ಲಿ ಆ ಸೋಂಕು ರಕ್ತಕ್ಕೂ ಮೆದುಳಿನ ಪೊರೆಗೂ ಹಬ್ಬಿ ಪ್ರಾಣಕ್ಕೆ ಎರವಾಗಬಲ್ಲದು.

ಇದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2007ರಲ್ಲಿ ಹೊರಡಿಸಿದ ಮಾರ್ಗಸೂಚಿ, ಪುಡಿ ಹಾಕುವಾಗ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಆ ಬಿಸಿಗೆ ಪುಡಿಯಲ್ಲಿದ್ದ ರೋಗಾಣುಗಳು ಸಾಯುತ್ತವೆ. ನೀರು ಕುದಿಸುವುದರ ಉದ್ದೇಶ ನೀರಿನ ಶುದ್ಧಿಯೊಂದೇ ಎಂದುಕೊಂಡು, ಕುದಿಸಿ ಆರಿಸಿದ ನೀರಿಗೆ ಪುಡಿ ಹಾಕುವ ರೂಢಿ ನಮ್ಮಲ್ಲಿ ಹೆಚ್ಚು. ಅದರಲ್ಲಿ ಅರ್ಧ ಪ್ರಯೋಜನ ಮಾತ್ರ ಇದೆ.

ಇಲ್ಲೊಂದು ಗೊಂದಲ ಬರುತ್ತದೆ. ಕೆಲವು ಡಬ್ಬಿಗಳ ಮೇಲೆ ನೀರನ್ನು ಕುದಿಸಿ, ಉಗುರುಬೆಚ್ಚಗಾದ ಮೇಲೆ ಪುಡಿ ಬೆರೆಸಿ ಎಂದೇ ಬರೆದಿರುತ್ತದೆ. ಅಂಥ ಕೆಲವು ಪುಡಿಗಳಲ್ಲಿ ಸೇರಿಸಿರುವ ಉಪಕಾರಿ ಬ್ಯಾಕ್ಟೀರಿಯಾ ಬಿಸಿಗೆ ಸಾಯುತ್ತದೆ ಎಂಬುದು ಅದಕ್ಕೆ ಕಾರಣ. ಡಬ್ಬಿಯ ಮಾತು ಮತ್ತು ಮಾರ್ಗಸೂಚಿಯ ಮಾತು ಹೀಗೆ ಬೇರೆಯಾದಾಗ, ನಿಮ್ಮ ಮಗುವಿನ ವಯಸ್ಸು, ತೂಕ ಹೇಳಿ ವೈದ್ಯರನ್ನು ನೇರವಾಗಿ ಕೇಳಿ. ಎರಡು ತಿಂಗಳೊಳಗಿನ ಅಥವಾ ಮೊದಲೇ ಹುಟ್ಟಿದ ಮಗುವಿನ ವಿಷಯದಲ್ಲಿ ನನ್ನ ಒಲವು ಸ್ಪಷ್ಟವಾಗಿ ಬಿಸಿನೀರಿನ ಕಡೆಗೇ ಇದೆ.

ನಮ್ಮ ನಲ್ಲಿಯ ನೀರು

ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ನಗರಕ್ಕೆ ಬರುವ ನೀರನ್ನು ಮಹಾನಗರ ಪಾಲಿಕೆ ಭಾಂಡುಪ್‌ನಂಥ ಘಟಕಗಳಲ್ಲಿ ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿಯೇ ಬಿಡುತ್ತದೆ. ತೊಂದರೆ ಆಮೇಲೆ ಶುರುವಾಗುತ್ತದೆ. ನೀರು ದಿನಕ್ಕೆ ಕೆಲವೇ ಗಂಟೆ ಬರುವುದರಿಂದ ಅದು ಸೊಸೈಟಿಯ ನೆಲದಡಿಯ ಟಾಂಕಿಯಲ್ಲಿ, ಅಲ್ಲಿಂದ ಮಾಳಿಗೆಯ ಟಾಂಕಿಯಲ್ಲಿ, ಚಾಳಿನ ಖೋಲಿಗಳಲ್ಲಾದರೆ ನೀಲಿ ಡ್ರಮ್ಮಿನಲ್ಲಿ ನಿಂತಿರುತ್ತದೆ. ಹಳೆಯ ಕೊಳವೆ ಸೋರುವ ಕಡೆ ಮಳೆಗಾಲದಲ್ಲಿ ಚರಂಡಿ ನೀರು ಬೆರೆಯುವುದೂ ಉಂಟು. ಟಾಂಕಿ ತೊಳೆಸಿದ ದಿನಾಂಕವನ್ನು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ಪ್ರತಿ ಮನೆಗೂ ಇದೆ. ಹಸುಗೂಸಿರುವ ಮನೆಯವರು ಸಂಕೋಚಪಡದೆ ಕೇಳಬೇಕು.

ಮನೆಯಲ್ಲಿ ಶುದ್ಧೀಕರಣ ಯಂತ್ರವಿದ್ದರೂ ಮಗುವಿನ ನೀರನ್ನು ಕುದಿಸಲೇಬೇಕು. ಸೀಲು ಮಾಡಿದ ಬಾಟಲಿ ನೀರಿಗೂ ಇದೇ ನಿಯಮ. ಪ್ರತಿ ಸಲ ಹೊಸ ನೀರು ತೆಗೆದುಕೊಂಡು ಗುಳ್ಳೆಯೆದ್ದು ಕೊತಕೊತ ಕುದಿಯುವವರೆಗೆ ಕಾಯಿಸಿ. ಬೆಳಿಗ್ಗೆ ಕುದಿಸಿ ಉಳಿದದ್ದನ್ನೇ ಮತ್ತೆ ಮತ್ತೆ ಕಾಯಿಸಬೇಡಿ.

ಪಾತ್ರೆಗಳ ಶುದ್ಧಿ

ಬಾಟಲಿ, ನಿಪ್ಪಲ್, ತಿರುಪಿನ ಬಳೆ, ಮುಚ್ಚಳ ಎಲ್ಲವನ್ನೂ ಬಿಡಿಸಿ, ಬಿಸಿನೀರು ಮತ್ತು ಸಾಬೂನಿನಲ್ಲಿ ಬ್ರಷ್ ಹಾಕಿ ಉಜ್ಜಿ. ತಿರುಪಿನ ಬಳೆಯ ಒಳಗೆರೆಗಳಲ್ಲಿ ಬೆರಳಾಡಿಸಿ ನೋಡಿದರೆ ತೊಳೆದ ಮೇಲೂ ಹಾಲಿನ ಜಿಡ್ಡು ಅಂಟಿಕೊಂಡಿರುವುದು ಗೊತ್ತಾಗುತ್ತದೆ. ನಿಪ್ಪಲನ್ನು ಒಳಮಗ್ಗುಲು ಹೊರಕ್ಕೆ ತಿರುಗಿಸಿ ಉಜ್ಜದೆ ಹೋದರೆ ಅದರ ತುದಿಯಲ್ಲೂ ಉಳಿಯುತ್ತದೆ. ಜಿಡ್ಡು ಉಳಿದ ಪಾತ್ರೆಯನ್ನು ಎಷ್ಟು ಕುದಿಸಿದರೂ ಪೂರ್ತಿ ಶುದ್ಧಿಯಾಗದು. ಆಮೇಲೆ ದೊಡ್ಡ ಪಾತ್ರೆಯಲ್ಲಿ ಎಲ್ಲವೂ ಮುಳುಗುವಷ್ಟು ನೀರು ಹಾಕಿ, ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಅದ್ದಿ, ಮುಚ್ಚಿ ಹತ್ತು ನಿಮಿಷ ಕುದಿಸಿ. ಬೇಕಾಗುವವರೆಗೆ ಮುಚ್ಚಳ ತೆಗೆಯಬೇಡಿ. ತೆಗೆಯುವಾಗ ಕೈ ತೊಳೆದು, ಅದೇ ನೀರಿನಲ್ಲಿ ಕುದಿದ ಇಕ್ಕಳದಿಂದ ತೆಗೆಯಿರಿ. ಕುದಿಸಿ ತೆಗೆದ ಬಾಟಲಿಯನ್ನು ಸೀರೆಯ ಸೆರಗಿನಿಂದಲೋ ಅಡುಗೆಮನೆಯ ಬಟ್ಟೆಯಿಂದಲೋ ಒರೆಸಿದರೆ ಅಷ್ಟು ಹೊತ್ತಿನ ಶ್ರಮ ವ್ಯರ್ಥ. ನೀರು ಜಾಡಿಸಿದರೆ ಸಾಕು.

ಬಾಟಲಿಗಿಂತ ಒಳಲೆ (ಮೂತಿಯಿರುವ ಪುಟ್ಟ ಬಟ್ಟಲು) ಅಥವಾ ಚಿಕ್ಕ ಲೋಟ–ಚಮಚ ಒಳ್ಳೆಯದೆಂದು ಮಕ್ಕಳ ವೈದ್ಯರು ಹೇಳುವುದಕ್ಕೆ ಕಾರಣವೂ ಇಲ್ಲೇ ಇದೆ. ಅಜ್ಜಿಯ ಗಂಟಿನಲ್ಲಿ ಬಂದ ಬೆಳ್ಳಿಯ ಒಳಲೆಗೆ ಸಂದುಗೊಂದು ಇಲ್ಲ, ತಿರುಪಿಲ್ಲ. ಉಜ್ಜುವುದೂ ಕುದಿಸುವುದೂ ಸುಲಭ. ಮಗುವನ್ನು ಅರೆ ಕುಳ್ಳಿರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ಬಾಯಿಯ ಅಂಚಿಗಿಟ್ಟು ನಿಧಾನವಾಗಿ ಕುಡಿಸುವುದನ್ನು ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಅವರಿಂದ ಕಲಿತುಕೊಳ್ಳಿ. ಹಿಂದಿನಂತೆ ಮಗುವನ್ನು ಕಾಲ ಮೇಲೆ ಮಲಗಿಸಿ, ಅಳುವಾಗ ಬಾಯಿಗೆ ಸುರಿಯುವುದು ಮಾತ್ರ ಬೇಡ. ಹಾಲು ನೆತ್ತಿಗೇರಿ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಕಲಸುವ ಕ್ರಮ

ಕಟ್ಟೆ ಒರೆಸಿ, ಸಾಬೂನಿನಿಂದ ಕೈ ತೊಳೆದು, ಶುದ್ಧ ಬಟ್ಟೆಯಲ್ಲಿ ಒರೆಸಿಕೊಂಡು ಶುರುಮಾಡಿ.

1. ನೀರು ಕುದಿದ ಮೇಲೆ ಒಲೆ ಆರಿಸಿ ಮುಚ್ಚಿಡಿ. ಒಂದು ಲೀಟರಿನಷ್ಟು ನೀರನ್ನು ಮುಚ್ಚಿಟ್ಟರೆ ಅರ್ಧ ಗಂಟೆಯೊಳಗೆ ಬಳಸಬಹುದು. ಒಂದೇ ಲೋಟ ನೀರನ್ನು ತೆರೆದ ಸ್ಟೀಲ್ ಪಾತ್ರೆಯಲ್ಲಿ ಕುದಿಸಿದರೆ ಅದು ಬಹಳ ಬೇಗ ಆರುತ್ತದೆ, ಅಷ್ಟು ಹೊತ್ತು ಕಾಯುವಂತಿಲ್ಲ.

2. ಮೊದಲು ನೀರು, ಆಮೇಲೆ ಪುಡಿ. ಬಾಟಲಿಯನ್ನು ಸಮನೆಲದ ಮೇಲಿಟ್ಟು, ಬಗ್ಗಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಅಳೆಯಿರಿ. ಪುಡಿ ಮೊದಲು ಹಾಕಿ ಗೆರೆಯವರೆಗೆ ನೀರು ತುಂಬಿದರೆ ನೀರು ಕಡಿಮೆಯಾಗಿ ಹಾಲು ಗಟ್ಟಿಯಾಗುತ್ತದೆ.

3. ಅದೇ ಡಬ್ಬಿಯೊಳಗಿನ ಅಳತೆ ಚಮಚದಿಂದ ಪುಡಿ ತೆಗೆದು, ಶುದ್ಧವಾದ ಒಣ ಚಾಕುವಿನ ಬೆನ್ನಿನಿಂದ ಅಥವಾ ಡಬ್ಬಿಯ ಅಂಚಿನ ಪಟ್ಟಿಯಿಂದ ಮೇಲ್ಭಾಗ ಸಮ ಮಾಡಿ. ಒತ್ತಬಾರದು, ಕುಟ್ಟಬಾರದು, ರಾಶಿ ಮಾಡಬಾರದು. ಇಲ್ಲಿ ಮಾರುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿಲಿಲೀಟರ್ ನೀರಿಗೆ ಒಂದು ಚಮಚ ಎಂದಿರುತ್ತದೆ. ವಿದೇಶದಿಂದ ನೆಂಟರು ತಂದುಕೊಟ್ಟ ಕೆಲವು ಡಬ್ಬಿಗಳಲ್ಲಿ 60 ಮಿಲಿಲೀಟರ್‌ಗೆ ಒಂದು ಚಮಚ ಇರುತ್ತದೆ. ಆದ್ದರಿಂದ ಒಂದು ಡಬ್ಬಿಯ ಚಮಚವನ್ನು ಇನ್ನೊಂದಕ್ಕೆ ಎಂದೂ ಬಳಸಬೇಡಿ, ಅರ್ಧ ಚಮಚದ ಲೆಕ್ಕವೂ ಬೇಡ. 80 ಮಿಲಿಲೀಟರ್ ಕುಡಿಯುವ ಮಗುವಿಗೆ 90 ಕಲಸಿ, ಉಳಿದದ್ದನ್ನು ಚೆಲ್ಲುವುದೇ ಸರಿ.

4. ಮುಚ್ಚಿ, ಗಂಟಿಲ್ಲದಂತೆ ಮೆಲ್ಲಗೆ ಅಲ್ಲಾಡಿಸಿ. ಬಾಟಲಿಯನ್ನು ಹರಿಯುವ ನಲ್ಲಿಯ ಕೆಳಗೆ ಅಥವಾ ತಣ್ಣೀರಿನ ಬೋಗುಣಿಯಲ್ಲಿ, ನೀರು ಮುಚ್ಚಳದ ಮಟ್ಟಕ್ಕೆ ಏರದಂತೆ ಹಿಡಿದು ತಣಿಸಿ, ಹೊರಮೈ ಒರೆಸಿ. ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟು ನೋಡಿದಾಗ ಬೆಚ್ಚಗಿರಬೇಕು, ಚುರುಕ್ ಎನ್ನಬಾರದು. ಕುದಿನೀರಿನ ಪದ್ಧತಿಯಲ್ಲಿ ಈ ಹಂತವನ್ನು ಒಮ್ಮೆಯೂ ಬಿಡುವಂತಿಲ್ಲ. ಮೈಕ್ರೋವೇವ್ ಬೇಡ, ಹೊರಗೆ ಹದವಾಗಿ ಕಂಡ ಹಾಲು ನಡುವೆ ಬಾಯಿ ಸುಡುವಷ್ಟು ಕಾದಿರುತ್ತದೆ.

5. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಿ. ಮಗು ಬಾಯಿಟ್ಟು ಬಿಟ್ಟ ಹಾಲನ್ನು ಚೆಲ್ಲಿ. ಮಗುವಿನ ಜೊಲ್ಲು ಸೇರಿದ ಹಾಲು ಮುಂಬೈಯ ಸೆಕೆಯಲ್ಲಿ ಬೇಗ ಕೆಡುತ್ತದೆ. ದುಬಾರಿ ಪುಡಿ ಹಾಳಾಯಿತೆಂಬ ಸಂಕಟ ಎಲ್ಲರಿಗೂ ಆಗುತ್ತದೆ. ಅದಕ್ಕೆ ಪರಿಹಾರ ಒಂದೊಂದು ಸಲಕ್ಕೆ ಬೇಕಾದಷ್ಟನ್ನೇ ಕಲಸುವುದು.

ಪಾಳಣಾಘರಕ್ಕೆ ಕೊಡಲು ಮೊದಲೇ ಕಲಸಲೇಬೇಕಾದರೆ, ತಣಿಸಿದ ಕೂಡಲೇ 5 ಡಿಗ್ರಿಗಿಂತ ಹೆಚ್ಚಿಲ್ಲದ ಫ್ರಿಜ್ಜಿನ ಒಳಭಾಗದಲ್ಲಿ ಇಡಬೇಕು, ಬಾಗಿಲಿನ ಗೂಡಿನಲ್ಲಲ್ಲ. ಅದು 24 ಗಂಟೆಯವರೆಗೆ ಮಾತ್ರ ಬಳಕೆಗೆ ಯೋಗ್ಯ. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗಿದ್ದರೆ ಲೆಕ್ಕ ಹಾಕುತ್ತ ಕೂರದೆ ಚೆಲ್ಲಿಬಿಡಿ.

ಗಟ್ಟಿ ಮಾಡಿದರೆ ಮಗು ದುಂಡಗಾಗುತ್ತದೆ, ತೆಳು ಮಾಡಿದರೆ ಬೇಗ ಅರಗುತ್ತದೆ ಎಂಬ ಎರಡು ಮಾತುಗಳೂ ಸುಳ್ಳು. ಗಟ್ಟಿ ಹಾಲು ಮಲಬದ್ಧತೆ ತಂದು, ಮೈಯ ನೀರಿನಂಶ ಇಳಿಸಿ, ಮೂತ್ರಪಿಂಡಕ್ಕೆ ಭಾರವಾಗುತ್ತದೆ. ತಿಂಗಳ ಕೊನೆಯಲ್ಲಿ ಡಬ್ಬಿ ಉಳಿಸಲು ನೀರು ಹೆಚ್ಚಿಸಿದರೆ ಮಗು ಸೊರಗುತ್ತದೆ. ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವವರೆಗೂ ಹೋಗಬಹುದು. ಸಕ್ಕರೆ, ರಾಗಿಸರಿ, ಬಿಸ್ಕತ್ತಿನ ಪುಡಿ ಯಾವುದನ್ನೂ ಬಾಟಲಿಗೆ ಬೆರೆಸಬಾರದು. ರಾಗಿಸರಿಗೆ ಆರು ತಿಂಗಳು ತುಂಬಿದ ಮೇಲೆ ಅದರದೇ ಹೊತ್ತು, ಅದರದೇ ಬಟ್ಟಲು ಇದೆ.

ಊರಲ್ಲಿ ದನದ ಹಾಲಿಗೆ ನೀರು ಬೆರೆಸಿ ಕೊಟ್ಟೇ ಮಕ್ಕಳನ್ನು ಸಾಕಿದೆವು ಎಂದು ಹಿರಿಯರು ಹೇಳಿದರೆ ಅವರ ಅಕ್ಕರೆಗೆ ಗೌರವ ಕೊಟ್ಟೇ ವಿಷಯ ತಿಳಿಸಬೇಕು. ಹಸುವಿನ ಅಥವಾ ತಬೇಲಾದ ಎಮ್ಮೆಯ ಹಾಲಿನಲ್ಲಿ ಮಗುವಿಗೆ ಬೇಕಾದಷ್ಟು ಕಬ್ಬಿಣದ ಅಂಶವಿಲ್ಲ, ಪ್ರೋಟೀನು ಮತ್ತು ಲವಣಗಳು ಹೆಚ್ಚು. ಆದ್ದರಿಂದ ವರ್ಷ ತುಂಬುವ ಮೊದಲು ಅದು ಮುಖ್ಯ ಹಾಲಾಗಬಾರದು. ಜೇನುತುಪ್ಪ ನೆಕ್ಕಿಸುವುದೂ ವರ್ಷದೊಳಗೆ ಬೇಡ, ಅದರಿಂದ ಬಾಟ್ಯುಲಿಸಂ ಎಂಬ ನರಗಳ ಕಾಯಿಲೆ ಬರಬಹುದು.

ಪುಡಿಯನ್ನು ಕಾಪಾಡುವುದು

ಜೂನ್ ಬಂದರೆ ನಮ್ಮ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಹಾಲಿನ ಪುಡಿಯ ಡಬ್ಬಿಯನ್ನು ಒಲೆಯ ಪಕ್ಕದಲ್ಲೂ ಸಿಂಕಿನ ಮೇಲೂ ಇಡದೆ, ಬಿಗಿಯಾಗಿ ಮುಚ್ಚಿ ಒಣ ಕಪಾಟಿನಲ್ಲಿಡಿ. ಫ್ರಿಜ್ಜಿನಲ್ಲಿಟ್ಟರೆ ತೇವ ಹಿಡಿಯುತ್ತದೆ. ಒದ್ದೆ ಚಮಚವನ್ನು ಒಳಗೆ ಹಾಕಬಾರದು. ಒಡೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದು, ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೆ, ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರಗಳಲ್ಲಿ, ಮುಗಿಸಿ. ಗಂಟು ಕಟ್ಟಿದ, ಬಣ್ಣ ಅಥವಾ ವಾಸನೆ ತಿರುಗಿದ ಪುಡಿ ಬೇಡ.

ಕುಡಿಸುವಾಗ, ರಾತ್ರಿ, ಪ್ರಯಾಣದಲ್ಲಿ

ಮೊದಲ ವಾರ ಕಳೆದ ಮೇಲೆ ಮಗುವಿನ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 150 ಮಿಲಿಲೀಟರ್ ಎಂಬುದು ಸ್ಥೂಲ ಲೆಕ್ಕ. 4 ಕಿಲೋ ಮಗುವಿಗೆ ದಿನವಿಡೀ ಸೇರಿ 600 ಮಿಲಿಲೀಟರ್. ಮಗು ಲೆಕ್ಕ ನೋಡಿ ಕುಡಿಯುವುದಿಲ್ಲ. ಕೈಯನ್ನು ಬಾಯಿಗೆ ಒಯ್ಯುವುದು, ತಲೆ ಹೊರಳಿಸಿ ಹುಡುಕುವುದು ಹಸಿವಿನ ಗುರುತು. ಅಳು ಕೊನೆಯ ಗುರುತು. ಮುಖ ತಿರುಗಿಸಿದರೆ ಸಾಕೆಂದು ಅರ್ಥ, ಉಳಿದ ಗುಟುಕನ್ನು ಬಲವಂತವಾಗಿ ಕುಡಿಸಬೇಡಿ. ದಿಂಬಿಗೆ ಬಾಟಲಿ ಒರಗಿಸಿ ಮಗುವನ್ನು ಒಂಟಿಯಾಗಿ ಬಿಟ್ಟರೆ ಉಸಿರುಗಟ್ಟಬಹುದು. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ.

ರಾತ್ರಿಗೆ ಕಲಸಿಟ್ಟ ಹಾಲಿನ ಬದಲು ಫ್ಲಾಸ್ಕನ್ನು ನಂಬಿ. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಚೆಲ್ಲಿ, ಆಮೇಲೆ ಕುದಿಯುವ ನೀರನ್ನು ಬಾಯಿಯವರೆಗೆ ತುಂಬಿ ಬಿಗಿದರೆ ಒಳ್ಳೆಯ ಫ್ಲಾಸ್ಕಿನಲ್ಲಿ ಕೆಲವು ಗಂಟೆ ಬೇಕಾದ ಬಿಸಿ ಉಳಿಯುತ್ತದೆ. ಪಕ್ಕದಲ್ಲಿ ಕುದಿಸಿ ಜೋಡಿಸಿಟ್ಟ ಖಾಲಿ ಬಾಟಲಿಗಳು, ಪುಟ್ಟ ಒಣ ಡಬ್ಬಿಗಳಲ್ಲಿ ಒಂದೊಂದು ಸಲಕ್ಕೆ ಅಳೆದಿಟ್ಟ ಪುಡಿ ಇದ್ದರೆ ನಿದ್ದೆಗಣ್ಣಿನಲ್ಲಿ ಚಮಚದ ಎಣಿಕೆ ತಪ್ಪುವುದಿಲ್ಲ.

ಮಾಟುಂಗಾದ ಕಾರ್ಯಕ್ರಮಕ್ಕೋ ಡೊಂಬಿವಲಿಯ ಮದುವೆಗೋ ಹೋಗುವಾಗಲೂ ಇದೇ ಕಟ್ಟು ಜೊತೆಗಿರಲಿ. ಮತ್ಸ್ಯಗಂಧಾದಲ್ಲಿ ಕರಾವಳಿಗೆ ಅಥವಾ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಯ ಕಡೆಗೆ ಹೊರಟರೆ ಒಂದು ಫ್ಲಾಸ್ಕ್ ಸಾಲದು, ಎರಡು ಒಯ್ಯಿರಿ. ರೈಲಿನಲ್ಲಿ ಎಲೆಕ್ಟ್ರಿಕ್ ಕೆಟಲ್ ಬಳಸುವುದು ನಿಷಿದ್ಧ. ಚಹಾದವನ ಬಳಿಯ ಬಿಸಿನೀರು ಬೆಚ್ಚಗಿದ್ದ ಮಾತ್ರಕ್ಕೆ ಕುದಿದದ್ದಲ್ಲ. ಕಣ್ಣೆದುರು ಕುದಿಯುತ್ತಿರುವುದನ್ನು ಕಂಡೇ ತುಂಬಿಸಿಕೊಳ್ಳಿ.

ಮನೆಯಲ್ಲಿ ನಡೆದಾಡುವ ದೊಡ್ಡ ಮಗು ಇದ್ದರೆ

ಮುಂಬೈಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ತಮ್ಮನಿಗೋ ತಂಗಿಗೋ ಹಾಲು ಕಲಸುವುದನ್ನು ನೋಡಲು ಎರಡು ವರ್ಷದ ಅಣ್ಣ ಅಲ್ಲೇ ಕಾಲಿಗೆ ತೊಡರಿಕೊಂಡು ನಿಂತಿರುತ್ತಾನೆ. ಕುದಿನೀರಿನ ಪಾತ್ರೆಯ ಹಿಡಿ ಗೋಡೆಯ ಕಡೆಗಿರಲಿ, ಫ್ಲಾಸ್ಕ್ ಕಟ್ಟೆಯ ಒಳಮೂಲೆಯಲ್ಲಿರಲಿ, ಕೂಸನ್ನು ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಬಿಸಿನೀರು ಸುರಿಯುವುದು ಎಂದೂ ಬೇಡ. ದೊಡ್ಡ ಮಗುವಿಗೆ ಖಾಲಿ ಮುಚ್ಚಳ ತಂದುಕೊಡುವ, ಜೊಲ್ಲುಬಟ್ಟೆ ಎತ್ತಿಡುವ ಕೆಲಸ ಕೊಟ್ಟರೆ ಅದರ ಹೊಟ್ಟೆಕಿಚ್ಚೂ ಇಳಿಯುತ್ತದೆ.

ನೀರು ಹಿಡಿದಿಡುವ ಬಕೆಟ್ಟು, ಡ್ರಮ್ಮುಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪುಟ್ಟ ಮಕ್ಕಳ ತಲೆ ಭಾರ. ಬಕೆಟ್ಟಿಗೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು, ಕೆಲವೇ ಅಂಗುಲ ನೀರಿನಲ್ಲೂ ಸದ್ದಿಲ್ಲದೆ ಮುಳುಗುತ್ತದೆ. ಡ್ರಮ್ಮಿಗೆ ಬಿಗಿ ಮುಚ್ಚಳ, ಮೋರಿಯ (ಬಚ್ಚಲಿನ) ಬಾಗಿಲಿಗೆ ಎತ್ತರದ ಚಿಲಕ, ಕಿಟಕಿಗೆ ಸರಳು, ಮೂರೂ ಮಗು ಅಂಬೆಗಾಲಿಡುವ ಮೊದಲೇ ಆಗಿರಬೇಕು.

ಎಲ್ಲರಿಗೂ ಒಂದೇ ಚೀಟಿ

ಕಲಸುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ: ಅಜ್ಜಿಗೆ ಕನ್ನಡದಲ್ಲಿ, ಬಾಯಿಗೆ ಮರಾಠಿ ಅಥವಾ ಹಿಂದಿಯಲ್ಲಿ. ಓದು ಬಾರದವರಿಗೆ ನೀರಿನ ಗೆರೆ ಮತ್ತು ಚಮಚಗಳ ಚಿತ್ರ ಬರೆಯಿರಿ. ಕೆಳಗೆ ಹೊತ್ತು ಮತ್ತು ಕುಡಿದ ಅಳತೆ ಬರೆಯುವ ಖಾನೆಯಿರಲಿ. ಹೊಸಬರು ಮೊದಲ ಕೆಲವು ಸಲ ನಿಮ್ಮೆದುರಿಗೇ ಕಲಸಲಿ.

ಆ ಚೀಟಿಯಲ್ಲೇ ಅಪಾಯದ ಗುರುತುಗಳನ್ನೂ ಬರೆಯಿರಿ. ಮಗು ಹಾಲು ಮುಟ್ಟದಿರುವುದು, ಎಬ್ಬಿಸಿದರೂ ಮಂಕಾಗಿ ಬಿದ್ದಿರುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಆರೆಂಟು ಗಂಟೆ ಉಚ್ಚೆ ಹೊಯ್ಯದಿರುವುದು, ನೆತ್ತಿ ಕುಳಿ ಬೀಳುವುದು ಅಥವಾ ಉಬ್ಬುವುದು, ಫಿಟ್ಸ್, ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿನ ಸಂಖ್ಯೆ 108. ಭೇದಿಯಾದಾಗ ಹಾಲು ನಿಲ್ಲಿಸಬೇಡಿ, ತೆಳುವೂ ಮಾಡಬೇಡಿ. ಓಆರ್‌ಎಸ್ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ. ಹೊರಡುವಾಗ ಹಾಲಿನ ಡಬ್ಬಿಯನ್ನೂ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಮಗು ಕೊನೆಯ ಸಲ ಕುಡಿದ ಹೊತ್ತು ವೈದ್ಯರಿಗೆ ಬೇಕಾಗುತ್ತವೆ.